ವಿಂಡೋಸ್‌ನಲ್ಲಿ ಸಿ ಲೈಬ್ರರಿ: ಬಿಲ್ಡ್ ಕಡತದ ಆಯ್ಕೆ ಮತ್ತು ಬೈನರಿ ಹೊಂದಾಣಿಕೆಯ ಹೊಣೆ

ಲಿನಕ್ಸ್‌ನಲ್ಲಿ ಹುಟ್ಟಿ ಬೆಳೆದ ಹಳೆಯ ಸಿ ಲೈಬ್ರರಿಯೊಂದರ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ, ಸಿ ಭಾಷೆಯ ಫಂಕ್ಷನ್‌ಗಳ ಸಂಗ್ರಹದ) ಮೂಲಸಂಕೇತವನ್ನು ಇಳಿಸಿಕೊಂಡು ನೋಡಿದರೆ, ಅದರಲ್ಲಿ ‘ವಿನ್32’ ಎಂಬ ಹೆಸರಿನ ಒಂದು ಫೋಲ್ಡರ್ ಇರುವುದು ತೀರಾ ಸಾಮಾನ್ಯ. ಯಾರೋ ಎಂದೋ ಬರೆದುಕೊಟ್ಟ, ಮೈಕ್ರೋಸಾಫ್ಟ್‌ನ ಎನ್‌ಮೇಕ್ ಎಂಬ ಬಿಲ್ಡ್ ಸಾಧನದ ಕಡತ, ಅದೇ ಕಂಪನಿಯ ಪ್ರೋಗ್ರಾಮಿಂಗ್ ತಂತ್ರಾಂಶವಾದ ವಿಷುಯಲ್ ಸ್ಟುಡಿಯೋದ ಎರಡು ಮೂರು ಆವೃತ್ತಿಗಳ ಪ್ರಾಜೆಕ್ಟ್ ಕಡತಗಳು, ಬಿಲ್ಡ್‌ನ ಆಯ್ಕೆಗಳನ್ನು ಹೇಳುವ, ಕೈಯಿಂದ ತಿದ್ದಿದ ಒಂದು ‘ಕಾನ್ಫಿಗ್.ಎಚ್’ ಅದರೊಳಗೆ ಇರುತ್ತವೆ. ಬರೆದುಕೊಟ್ಟವರು ಬೇರೆ ಕೆಲಸಗಳಿಗೆ ಹೊರಟುಹೋಗಿರುತ್ತಾರೆ, ಕಡತಗಳು ಮಾತ್ರ ಉಳಿದಿರುತ್ತವೆ. ಇಂಥ ಲೈಬ್ರರಿಯ ನಿರ್ವಹಣೆ ಕೈಗೆ ಬಂದವರು ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ತೆಗೆಯಬೇಕು, ಹೊಸದಾಗಿ ಏನನ್ನಾದರೂ ಬರೆಯಬೇಕೇ ಎಂದು ತೀರ್ಮಾನಿಸುವುದಕ್ಕೆ ನೆರವಾಗಲೆಂದು ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಬಿಲ್ಡ್ ಸಾಧನಗಳನ್ನು (ಮೂಲಸಂಕೇತದಿಂದ ಓಡಬಲ್ಲ ಕಡತವನ್ನು ಕಟ್ಟಿಕೊಡುವ ಸಾಧನಗಳನ್ನು) ಹೋಲಿಸುವವರು ಸಾಮಾನ್ಯವಾಗಿ ಅವುಗಳ ವೇಗ ಮತ್ತು ಬರವಣಿಗೆಯ ಸೊಗಸಿನಿಂದ ಆರಂಭಿಸುತ್ತಾರೆ. ಲೈಬ್ರರಿಯ ವಿಷಯದಲ್ಲಿ ಆ ಕ್ರಮ ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ವಿಂಡೋಸ್ ಬಳಕೆದಾರರಿಗೆ ನೀವು ಏನೆಂದು ಮಾತು ಕೊಡುತ್ತಿದ್ದೀರಿ ಎಂಬುದು ಮೊದಲು ಇತ್ಯರ್ಥವಾಗಬೇಕು. ನೀವು ಮೂಲಸಂಕೇತವನ್ನಷ್ಟೇ ಕೊಟ್ಟು, ಪ್ರತಿಯೊಬ್ಬ ಬಳಕೆದಾರರೂ ತಮ್ಮ ಪ್ರೋಗ್ರಾಮಿನ ಜೊತೆಗೇ ಅದನ್ನು ಕಂಪೈಲ್ ಮಾಡಿಕೊಳ್ಳುವುದಾದರೆ, ಒಂದು ಸ್ಟ್ರಕ್ಟ್‌ನ (ಹಲವು ದತ್ತಾಂಶಗಳನ್ನು ಒಟ್ಟಿಗಿಡುವ ರಚನೆಯ) ಗಾತ್ರ ಬದಲಾದರೂ ಅವರಿಗಾಗುವ ತೊಂದರೆ ಇನ್ನೊಂದು ಸಲ ಕಂಪೈಲ್ ಮಾಡುವಷ್ಟೇ. ಆದರೆ ಐದು ವರ್ಷದ ಹಿಂದೆ ಕಟ್ಟಿದ ಪ್ರೋಗ್ರಾಮಿನ ಪಕ್ಕದಲ್ಲಿರುವ ಹಳೆಯ ಡಿಎಲ್ಎಲ್ (ಪ್ರೋಗ್ರಾಂ ಓಡುವಾಗ ಲೋಡ್ ಮಾಡಿಕೊಳ್ಳುವ ಲೈಬ್ರರಿಯ ಕಡತ) ತೆಗೆದು ಇಂದಿನದನ್ನು ಇಟ್ಟರೂ ಅದು ಓಡಬೇಕು (ಬೈನರಿ ಹೊಂದಾಣಿಕೆ ಎಂದರೆ ಇದೇ) ಎನ್ನುವುದಾದರೆ, ಬಿಲ್ಡ್ ಕಡತವೂ ಒಪ್ಪಂದದ ಭಾಗವಾಗುತ್ತದೆ. ಡಿಎಲ್ಎಲ್‌ಗೆ ಯಾವ ಹೆಸರು, ಹೊರಗೆ ಕಾಣುವ ಫಂಕ್ಷನ್‌ಗಳು ಯಾವುವು, ಯಾವ ಸಿ ರನ್‌ಟೈಮ್‌ಗೆ (ಸಿ ಭಾಷೆಯ ಮೂಲ ಫಂಕ್ಷನ್‌ಗಳಿರುವ ಲೈಬ್ರರಿಗೆ) ಲಿಂಕ್ ಆಗುತ್ತದೆ, ಐಚ್ಛಿಕ ಭಾಗಗಳಲ್ಲಿ ಯಾವುವು ಒಳಸೇರಿವೆ ಎಂಬುದೆಲ್ಲ ಬಹುಪಾಲು ಅಲ್ಲಿಯೇ ತೀರ್ಮಾನವಾಗುತ್ತದೆ.

ಹೆಸರಿನ ಪ್ರಶ್ನೆ

ಲಿನಕ್ಸ್‌ನ ಹಂಚಿಕೆಯ ಲೈಬ್ರರಿಯೊಳಗೆ ಹೊಂದಾಣಿಕೆಯ ಆವೃತ್ತಿಯನ್ನು ಹೇಳುವ ಸೋನೇಮ್ ಎಂಬ ಗುರುತು ಇರುತ್ತದೆ. ಬೇಕಾದರೆ ಒಂದೊಂದು ಸಿಂಬಲ್‌ಗೂ (ಫಂಕ್ಷನ್ ಮುಂತಾದವುಗಳ ಹೆಸರಿಗೂ) ಆವೃತ್ತಿಯನ್ನು ಅಂಟಿಸಬಹುದು. ವಿಂಡೋಸ್‌ನ ಇಎಕ್ಸ್ಇ, ಡಿಎಲ್ಎಲ್‌ಗಳ ವಿನ್ಯಾಸವಾದ ಪಿಇ ಕಡತದಲ್ಲಿ ಹಾಗಿಲ್ಲ. ಪ್ರೋಗ್ರಾಮಿನ ಆಮದು ಪಟ್ಟಿಯಲ್ಲಿ ಇರುವುದು ಡಿಎಲ್ಎಲ್‌ನ ಹೆಸರು, ಅದರಡಿ ಬೇಕಾದ ಫಂಕ್ಷನ್‌ಗಳ ಹೆಸರು ಅಥವಾ ಕ್ರಮಸಂಖ್ಯೆ, ಇಷ್ಟೇ. ಆದ್ದರಿಂದ ಆವೃತ್ತಿಯನ್ನು ಸೂಚಿಸುವ ಹೊಣೆಯನ್ನೂ ಕಡತದ ಹೆಸರೇ ಹೊರಬೇಕಾಗುತ್ತದೆ. ಒಂದು ಪ್ರಕ್ರಿಯೆಯೊಳಗೆ ಒಂದು ಹೆಸರಿನ ಡಿಎಲ್ಎಲ್ ಆಗಲೇ ಲೋಡ್ ಆಗಿದ್ದರೆ, ಅದೇ ಹೆಸರನ್ನು ಕೇಳುವ ಮತ್ತೊಂದು ಘಟಕಕ್ಕೂ ಸಾಮಾನ್ಯವಾಗಿ ಅದೇ ಸಿಗುತ್ತದೆ. ಅದು ಬೇರೆ ರೀತಿಯಲ್ಲಿ ಕಟ್ಟಿದ ಡಿಎಲ್ಎಲ್ ಆಗಿದ್ದರೂ ಲೋಡರ್‌ಗೆ ಅದು ತಿಳಿಯುವುದಿಲ್ಲ.

ಈ ಪಾಠವನ್ನು ದತ್ತಾಂಶ ಸಂಕುಚನದ ಲೈಬ್ರರಿಯಾದ ಜಿಲಿಬ್ (zlib) ಕಷ್ಟಪಟ್ಟು ಕಲಿತಿದೆ. ಒಂದು ಕಾಲಕ್ಕೆ ‘ಜಿಲಿಬ್.ಡಿಎಲ್ಎಲ್’ ಎಂಬ ಒಂದೇ ಹೆಸರಿನಲ್ಲಿ ಪರಸ್ಪರ ಹೊಂದದ ಹಲವು ಡಿಎಲ್ಎಲ್‌ಗಳು ಚಲಾವಣೆಯಲ್ಲಿದ್ದವು. ಕೆಲವು ಸಿಡೆಕ್ಲ್ ಎಂಬ, ಫಂಕ್ಷನ್‌ಗಳನ್ನು ಕರೆಯುವ ಪದ್ಧತಿಯಲ್ಲಿ, ಇನ್ನು ಕೆಲವು ಎಸ್‌ಟಿಡಿಕಾಲ್ ಪದ್ಧತಿಯಲ್ಲಿ ಕಟ್ಟಿದವು. 32 ಬಿಟ್‌ನಲ್ಲಿ ಈ ಎರಡರ ನಡುವೆ ಸ್ಟ್ಯಾಕನ್ನು (ಕರೆಯ ಮಾಹಿತಿಯಿಡುವ ಸ್ಮೃತಿಭಾಗವನ್ನು) ಖಾಲಿ ಮಾಡಬೇಕಾದವರು ಯಾರು ಎಂಬುದೇ ಬೇರೆ. ಒಂದಕ್ಕಾಗಿ ಕಂಪೈಲ್ ಆದ ಪ್ರೋಗ್ರಾಂ ಇನ್ನೊಂದರ ಮುಂದೆ ಕುಸಿಯುತ್ತದೆ. ಕೊನೆಗೆ ಜಿಲಿಬ್‌ನವರು ‘ಜಿಲಿಬ್1.ಡಿಎಲ್ಎಲ್’ ಎಂಬ ಹೊಸ ಹೆಸರನ್ನು ಅಧಿಕೃತವೆಂದು ಘೋಷಿಸಿ, ಆ ಹೆಸರಿಟ್ಟುಕೊಳ್ಳುವ ಡಿಎಲ್ಎಲ್ ಹೇಗಿರಬೇಕೆಂದು ‘ವಿನ್32’ ಫೋಲ್ಡರಿನಲ್ಲಿಯೇ ಪ್ರಶ್ನೋತ್ತರದ ರೂಪದಲ್ಲಿ ಬರೆದಿಟ್ಟರು. ಅದು ಸಿಡೆಕ್ಲ್ ಪದ್ಧತಿಯದ್ದಾಗಿರಬೇಕು; ಎಸ್‌ಟಿಡಿಕಾಲ್ ಬೇಕಾದವರು ‘ಜಿಲಿಬ್‌ವಾಪಿ’ ಎಂಬ ಬೇರೆ ಹೆಸರಿನಲ್ಲಿ ಕಟ್ಟಿಕೊಳ್ಳಬೇಕು. ನಿಮ್ಮ ಲೈಬ್ರರಿ ಎಷ್ಟೇ ಚಿಕ್ಕದಿರಲಿ, ಅಂಥದೊಂದು ಪುಟವನ್ನು ಮೊದಲ ಡಿಎಲ್ಎಲ್ ಹೊರಬೀಳುವ ಮುನ್ನವೇ ಬರೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ.

ಗೂಢಲಿಪೀಕರಣದ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ ಕೂಡ ಇದೇ ದಾರಿಗೆ ಬಂತು. ‘ಲಿಬ್‌ಇಎವೈ32’ ಎಂಬ, ಆವೃತ್ತಿಯನ್ನೇ ಹೇಳದ ಹಳೆಯ ಹೆಸರನ್ನು 2016ರ 1.1.0 ಆವೃತ್ತಿಯಲ್ಲಿ ಕೈಬಿಟ್ಟು, ‘ಲಿಬ್‌ಕ್ರಿಪ್ಟೋ-1_1-ಎಕ್ಸ್64’ ಎಂಬಂತೆ ಆವೃತ್ತಿ ಮತ್ತು ಪ್ರೊಸೆಸರ್ ಎರಡನ್ನೂ ಹೆಸರಿನಲ್ಲಿ ಸೇರಿಸಿತು, 3.0 ಬಂದಾಗ ಅದು ‘ಲಿಬ್‌ಕ್ರಿಪ್ಟೋ-3-ಎಕ್ಸ್64’ ಆಯಿತು. ಎರಡೂ ಒಂದೇ ಪ್ರಕ್ರಿಯೆಯಲ್ಲಿ ಪಕ್ಕಪಕ್ಕ ಇರಬಲ್ಲವು. ಯುನಿಕೋಡ್ ಪಠ್ಯ ಸಂಸ್ಕರಣೆಯ ಲೈಬ್ರರಿಯಾದ ಐಸಿಯು ಇನ್ನೂ ಮುಂದೆ ಹೋಗಿ, ಡಿಎಲ್ಎಲ್‌ನ ಹೆಸರಿಗಷ್ಟೇ ಅಲ್ಲದೆ ಪ್ರತಿಯೊಂದು ಫಂಕ್ಷನ್‌ನ ಹೆಸರಿನ ಕೊನೆಗೂ ಆವೃತ್ತಿಯ ಸಂಖ್ಯೆಯನ್ನು ಸೇರಿಸುತ್ತದೆ. ಇದರಿಂದ ಗೊಂದಲ ಸಂಪೂರ್ಣವಾಗಿ ತಪ್ಪುತ್ತದೆ ನಿಜ, ಆದರೆ ಹಳೆಯ ಪ್ರೋಗ್ರಾಂ ಹೊಸ ಡಿಎಲ್ಎಲ್ ಜೊತೆ ಓಡುವ ಸಾಧ್ಯತೆಯೂ ಅದರೊಂದಿಗೇ ಹೋಗುತ್ತದೆ. ಜಾಲದ ಮೂಲಕ ದತ್ತಾಂಶ ಸಾಗಿಸುವ ಲಿಬ್‌ಕರ್ಲ್‌ನ ನಡೆ ಇದಕ್ಕೆ ತದ್ವಿರುದ್ಧ: 2006ರ ಅಕ್ಟೋಬರಿನ 7.16.0 ಆವೃತ್ತಿಯ ನಂತರ ಅದು ಸೋನೇಮ್ ಸಂಖ್ಯೆಯನ್ನು ಏರಿಸಿಲ್ಲ. ಆಗಾಗ ಮುರಿಯುವ ಲೈಬ್ರರಿಯಾದರೆ ಓಪನ್‌ಎಸ್‌ಎಸ್‌ಎಲ್‌ನ ರೀತಿ ಸರಿ. ಮುರಿಯುವುದೇ ಇಲ್ಲವೆಂಬ ಹಟ ಇದ್ದರೆ ಒಂದು ಸಂಖ್ಯೆಯನ್ನು ಹೆಸರಿನಲ್ಲಿಟ್ಟು ಅದನ್ನು ಎಂದೂ ಮುಟ್ಟದಿರುವುದು ಸಾಕು. ಆ ಸಂಖ್ಯೆ ಮೊದಲ ದಿನದಿಂದಲೇ ಇರಲಿ, ಏಕೆಂದರೆ ಮುರಿಯಬೇಕಾದ ದಿನ ಬಂದಾಗ ಅದು ಬೇಕಾಗುತ್ತದೆ.

ಇಲ್ಲಿ ಮೆಸನ್, ಸಿಮೇಕ್, ಲಿಬ್‌ಟೂಲ್ ಎಂಬ ಬಿಲ್ಡ್ ಸಾಧನಗಳ ನಡುವಿನ ವ್ಯತ್ಯಾಸ ಕಾಣತೊಡಗುತ್ತದೆ. ಆವೃತ್ತಿಯ ಸಂಖ್ಯೆಯನ್ನು ನೀವು ಕೊಟ್ಟಿದ್ದರೆ ಮೆಸನ್ ಅದನ್ನು ವಿಂಡೋಸ್‌ನಲ್ಲಿಯೂ ಡಿಎಲ್ಎಲ್‌ನ ಹೆಸರಿಗೆ ತಾನಾಗಿ ಸೇರಿಸುತ್ತದೆ. ಸಿಮೇಕ್ ತಾನಾಗಿ ಸೇರಿಸುವುದಿಲ್ಲ, 3.27ನೇ ಆವೃತ್ತಿಯಿಂದ ಅದಕ್ಕಾಗಿ ಒಂದು ಗುಣಲಕ್ಷಣ ಬಂದಿದೆ, ಅದಕ್ಕೂ ಹಳೆಯದನ್ನು ಬೆಂಬಲಿಸುವುದಾದರೆ ಔಟ್‌ಪುಟ್ ಹೆಸರನ್ನು ಕೈಯಿಂದಲೇ ಬರೆಯಬೇಕು. ಲಿಬ್‌ಟೂಲ್ ಆವೃತ್ತಿಗಾಗಿ ಕೇಳುವ ಮೂರು ಸಂಖ್ಯೆಗಳಲ್ಲಿ ಮೊದಲನೆಯದರಿಂದ ಕೊನೆಯದನ್ನು ಕಳೆದು, ಉಳಿದದ್ದನ್ನು ಹೆಸರಿಗೆ ಸೇರಿಸುತ್ತದೆ. ಹೀಗಾಗಿ ಒಂದೇ ಲೈಬ್ರರಿಯನ್ನು ಮೂರು ಸಾಧನಗಳಿಂದ ಕಟ್ಟಿದರೆ ಮೂರು ಬೇರೆ ಹೆಸರಿನ ಡಿಎಲ್ಎಲ್‌ಗಳು ಹೊರಬರಬಹುದು. ನೀವು ಎರಡು ಬಗೆಯ ಬಿಲ್ಡ್ ಕಡತಗಳನ್ನು ಇಟ್ಟುಕೊಂಡಿದ್ದರೆ, ಈ ಕ್ಷಣವೇ ಎರಡರಿಂದಲೂ ಕಟ್ಟಿ ಹೆಸರುಗಳನ್ನು ಹೋಲಿಸಿ ನೋಡಿ.

ಹೊರಗೆ ಏನು ಕಾಣಬೇಕು

ಫಂಕ್ಷನ್‌ಗಳನ್ನು ಡಿಎಲ್ಎಲ್‌ನಿಂದ ಹೊರಗೆ ತೋರಿಸಲು ಮೂರು ದಾರಿಗಳಿವೆ. ಹೆಡರ್‌ನಲ್ಲಿ (ಫಂಕ್ಷನ್‌ಗಳನ್ನು ಘೋಷಿಸುವ ಕಡತದಲ್ಲಿ) ಡಿಎಲ್ಎಲ್‌ಎಕ್ಸ್‌ಪೋರ್ಟ್ ಎಂಬ ಗುರುತು ಹಚ್ಚುವುದು ಒಂದು, ಹೆಸರುಗಳ ಪಟ್ಟಿಯಿರುವ ಡೆಫ್ ಕಡತವನ್ನು ಲಿಂಕರ್‌ಗೆ (ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಸಾಧನಕ್ಕೆ) ಕೊಡುವುದು ಇನ್ನೊಂದು. ಇರುವುದನ್ನೆಲ್ಲ ತೋರಿಸಿಬಿಡುವುದು ಮೂರನೆಯದು. ಸಿಮೇಕ್‌ನಲ್ಲಿ ಅದಕ್ಕೊಂದು ಸ್ವಿಚ್ಚೇ ಇದೆ.

ಮೂರನೆಯದನ್ನು ಲೈಬ್ರರಿಯ ನಿರ್ವಾಹಕರು ಬಳಸಬಾರದು. ಲಿನಕ್ಸ್‌ನಿಂದ ಬಂದ ಸಂಕೇತವನ್ನು ಒಂದು ಮಧ್ಯಾಹ್ನದಲ್ಲಿ ಓಡುವಂತೆ ಮಾಡಲು ಅದು ಅನುಕೂಲವೇ. ಆದರೆ ಒಳಗಿನ ಸಹಾಯಕ ಫಂಕ್ಷನ್‌ಗಳೆಲ್ಲ ಹೊರಗೆ ಕಾಣತೊಡಗಿ, ಯಾರೋ ಒಬ್ಬರು ಅದರಲ್ಲೊಂದನ್ನು ಕರೆಯಲಾರಂಭಿಸಿ, ಮುಂದಿನ ಆವೃತ್ತಿಯಲ್ಲಿ ನೀವು ಅದರ ಹೆಸರು ಬದಲಿಸಿದಾಗ ಅವರ ಪ್ರೋಗ್ರಾಂ ಆರಂಭವಾಗದೆಯೇ ನಿಲ್ಲುತ್ತದೆ. ಗ್ನೂ ಕಂಪೈಲರ್‌ನ ವಿಂಡೋಸ್ ರೂಪವಾದ ಮಿನ್‌ಜಿಡಬ್ಲ್ಯೂ ಲಿಂಕರ್‌ನ ಒಂದು ನಡವಳಿಕೆಯನ್ನೂ ಇಲ್ಲಿಯೇ ಹೇಳಬೇಕು: ಒಂದೇ ಒಂದು ಗುರುತೂ ಇಲ್ಲದಿದ್ದರೆ, ಡೆಫ್ ಕಡತವೂ ಇಲ್ಲದಿದ್ದರೆ, ಅದು ಎಲ್ಲವನ್ನೂ ತೋರಿಸುತ್ತದೆ, ಮೈಕ್ರೋಸಾಫ್ಟ್ ಲಿಂಕರ್ ಏನನ್ನೂ ತೋರಿಸುವುದಿಲ್ಲ. ಒಂದೇ ಮೂಲದಿಂದ ಇಷ್ಟು ಬೇರೆಯಾದ ಎರಡು ಡಿಎಲ್ಎಲ್‌ಗಳು ಹುಟ್ಟಬಹುದು.

ಉಳಿದೆರಡರಲ್ಲಿ ಹೆಚ್ಚಿನವರು ಹೆಡರ್‌ನ ಗುರುತನ್ನೇ ಇಷ್ಟಪಡುತ್ತಾರೆ, ಏಕೆಂದರೆ ಹೊಸ ಫಂಕ್ಷನ್ ಬರೆದಾಗ ಇನ್ನೊಂದು ಕಡತವನ್ನು ತಿದ್ದುವ ಕೆಲಸ ತಪ್ಪುತ್ತದೆ. ನನಗೆ ಆ ಹೆಚ್ಚುವರಿ ಕೆಲಸವೇ ಬೇಕು. ಡೆಫ್ ಕಡತ ಸಾರ್ವಜನಿಕ ಫಂಕ್ಷನ್‌ಗಳ ದಾಖಲೆ ಪುಸ್ತಕದಂತೆ ಇರುತ್ತದೆ. ಪರಿಶೀಲನೆಗೆ ಬಂದ ಬದಲಾವಣೆಯಲ್ಲಿ ಅದರಿಂದ ಒಂದು ಸಾಲು ಅಳಿಸಿಹೋಗಿದ್ದರೆ ಹೊಂದಾಣಿಕೆ ಮುರಿಯುತ್ತಿದೆ ಎಂಬುದು ಓದುವವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಎನ್‌ಮೇಕ್, ವಿಷುಯಲ್ ಸ್ಟುಡಿಯೋ, ಸಿಮೇಕ್, ಮೆಸನ್, ಮಿನ್‌ಜಿಡಬ್ಲ್ಯೂ ಎಲ್ಲವೂ ಆ ಒಂದೇ ಕಡತವನ್ನು ಸ್ವೀಕರಿಸುತ್ತವೆ, ಆದ್ದರಿಂದ ಬಿಲ್ಡ್ ಸಾಧನ ಬದಲಾದರೂ ಒಪ್ಪಂದ ಬದಲಾಗುವುದಿಲ್ಲ. ದತ್ತಸಂಚಯದ ಲೈಬ್ರರಿಯಾದ ಎಸ್‌ಕ್ಯೂಲೈಟ್ ತನ್ನ ಸಿದ್ಧ ಡಿಎಲ್ಎಲ್ ಜೊತೆಗೆ ಡೆಫ್ ಕಡತವನ್ನೂ ಹಂಚುವುದರಿಂದ, ಯಾವ ಕಂಪೈಲರ್ ಬಳಸುವವರೂ ತಮಗೆ ಬೇಕಾದ ಆಮದು ಲೈಬ್ರರಿಯನ್ನು (ಡಿಎಲ್ಎಲ್‌ಗೆ ಲಿಂಕ್ ಮಾಡಲು ಬೇಕಾದ ಕಡತವನ್ನು) ತಾವೇ ತಯಾರಿಸಿಕೊಳ್ಳಬಹುದು.

ಡೆಫ್ ಕಡತದಲ್ಲಿ ಕ್ರಮಸಂಖ್ಯೆಗಳನ್ನು ಬರೆಯುವ ಆಸೆಗೆ ಬೀಳಬೇಡಿ. ಕ್ರಮಸಂಖ್ಯೆಯಿಂದ ಲಿಂಕ್ ಆದರೆ ತುಸು ವೇಗ ಸಿಗುತ್ತದೆಂಬುದು ನಿಜವಾದರೂ, ಪಟ್ಟಿಯ ನಿರ್ವಹಣೆಯಲ್ಲಿ ಒಂದೇ ಒಂದು ತಪ್ಪಾದರೂ ಹಳೆಯ ಪ್ರೋಗ್ರಾಂ ಯಾವುದೋ ಬೇರೆ ಫಂಕ್ಷನ್ ಅನ್ನು ಕರೆದು ಕುಸಿಯುತ್ತದೆ, ಆ ಅಪಾಯಕ್ಕೆ ಈ ಲಾಭ ಸಾಟಿಯಲ್ಲ ಎಂಬ ಅಭಿಪ್ರಾಯ ಜಿಲಿಬ್‌ನ ಪ್ರಶ್ನೋತ್ತರದಲ್ಲಿಯೂ ಇದೆ. ಹೆಸರಿನಿಂದ ಹುಡುಕಿ ಸಿಗದಿದ್ದರೆ ವಿಂಡೋಸ್ ಆ ಹೆಸರನ್ನು ಹೇಳಿ ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ಬಳಕೆದಾರರು ಅದನ್ನು ನಿಮಗೆ ಬರೆದು ತಿಳಿಸಬಲ್ಲರು.

ಪ್ರಾಜೆಕ್ಟ್ ಕಡತವೇ, ಎನ್‌ಮೇಕೇ, ಸಿಮೇಕೇ, ಮೆಸನ್ನೇ

ವಿಷುಯಲ್ ಸ್ಟುಡಿಯೋದ ಪ್ರಾಜೆಕ್ಟ್ ಕಡತಗಳನ್ನು ಮೊದಲು ನೋಡೋಣ, ಏಕೆಂದರೆ ಹಳೆಯ ಲೈಬ್ರರಿಗಳ ಬಳಕೆದಾರರು ಕೈಬಿಡಲು ಒಪ್ಪದಿರುವುದು ಇವನ್ನೇ. ಕಡತದ ಮೇಲೆ ಎರಡು ಸಲ ಒತ್ತಿದರೆ ಪ್ರಾಜೆಕ್ಟ್ ತೆರೆಯುತ್ತದೆ, ಒಂದು ಕೀಲಿ ಒತ್ತಿದರೆ ಡಿಎಲ್ಎಲ್ ಸಿದ್ಧವಾಗುತ್ತದೆ, ದೋಷ ಹುಡುಕುವುದು ಸುಲಭ. ಈ ಅನುಕೂಲವನ್ನು ಕಡಿಮೆಯೆಂದು ಎಣಿಸಬಾರದು. ಆದರೆ ಕಡತದ ವಿನ್ಯಾಸ ಕಾಲಕಾಲಕ್ಕೆ ಬದಲಾಗುತ್ತಾ ಬಂದಿದೆ. 1998ರ ವಿಷುಯಲ್ ಸಿ++ 6ರಲ್ಲಿ ಡಿಎಸ್‌ಪಿ, ನಂತರ 2008ರವರೆಗೆ ವಿಸಿಪ್ರಾಜ್, 2010ರಿಂದ ಎಂಎಸ್‌ಬಿಲ್ಡ್ ಆಧಾರಿತ ವಿಸಿಎಕ್ಸ್‌ಪ್ರಾಜ್. ಹೊಸ ಆವೃತ್ತಿ ಹಳೆಯ ಕಡತವನ್ನು ಏರಿಸಿಕೊಳ್ಳುತ್ತದೆ, ಏರಿಸಿದ್ದನ್ನು ಮತ್ತೆ ಇಳಿಸುವ ದಾರಿಯಿಲ್ಲ. ಹಾಗಾಗಿಯೇ ‘ವಿಎಸ್9’, ‘ವಿಎಸ್10’, ‘ವಿಎಸ್12’ ಎಂದು ಒಂದರ ಪಕ್ಕ ಒಂದು ಫೋಲ್ಡರ್ ಬೆಳೆಯುತ್ತಾ ಹೋಗುತ್ತದೆ. ಡೀಬಗ್ ಮತ್ತು ರಿಲೀಸ್ ಎಂದು ಎರಡು, 32 ಬಿಟ್, 64 ಬಿಟ್ ಮತ್ತು ಆರ್ಮ್64 ಎಂದು ಮೂರು, ಡಿಎಲ್ಎಲ್ ಮತ್ತು ಸ್ಟಾಟಿಕ್ (ಪ್ರೋಗ್ರಾಮಿನೊಳಗೇ ಸೇರಿಹೋಗುವ ಲೈಬ್ರರಿ) ಎಂದು ಎರಡು. ಗುಣಿಸಿದರೆ ಒಂದೊಂದು ಫೋಲ್ಡರಿನಲ್ಲಿಯೂ 12 ಬಗೆಯ ಸಂಯೋಜನೆಗಳು. ಒಂದು ಹೊಸ ಸಿ ಕಡತ ಸೇರಿದರೆ ಇವೆಲ್ಲದರಲ್ಲಿಯೂ ಅದು ಸೇರಬೇಕು, ಒಂದು ಮ್ಯಾಕ್ರೋ (ಕಂಪೈಲ್ ಆಗುವ ಮುನ್ನ ಹೊಂದಿಸುವ ಹೆಸರು) ಬದಲಾದರೆ ಇವೆಲ್ಲದರಲ್ಲಿಯೂ ಬದಲಾಗಬೇಕು.

ಹೊಸ ಸಿ ಕಡತ ಸೇರದೆ ಹೋದರೆ ಲಿಂಕರ್ ಹೇಳುತ್ತದೆ, ಆದ್ದರಿಂದ ಅದು ಅಷ್ಟು ದೊಡ್ಡ ಅಪಾಯವಲ್ಲ. ಮ್ಯಾಕ್ರೋ ಬದಲಾಗದೆ ಉಳಿದರೆ ಯಾರೂ ಹೇಳುವುದಿಲ್ಲ. ನಾನು ನೋಡಿಕೊಳ್ಳುತ್ತಿದ್ದ ಒಂದು ಸಣ್ಣ ಲೈಬ್ರರಿಯಲ್ಲಿ ಇದು ಹೀಗಾಯಿತು. ಸಾರ್ವಜನಿಕ ಹೆಡರ್‌ನ ಒಂದು ಸ್ಟ್ರಕ್ಟ್‌ನಲ್ಲಿ ಒಂದು ಸದಸ್ಯ 64 ಬಿಟ್‌ನ ಪೂರ್ಣಾಂಕವೇ 32 ಬಿಟ್‌ನದೇ ಎಂಬುದನ್ನು ಕಾನ್ಫಿಗ್.ಎಚ್‌ನಿಂದ ಬರುವ ಒಂದು ಮ್ಯಾಕ್ರೋ ತೀರ್ಮಾನಿಸುತ್ತಿತ್ತು. ಸಿಮೇಕ್ ಅದನ್ನು ಕಂಪೈಲರ್‌ನ ಮೇಲೆ ಪರೀಕ್ಷಿಸಿ ನೋಡಿ ಸರಿಯಾಗಿ ಹೊಂದಿಸುತ್ತಿತ್ತು. ಪ್ರಾಜೆಕ್ಟ್ ಕಡತದ ಜೊತೆಗಿದ್ದ, ಹಿಂದೆ ಕೈಯಿಂದ ಬರೆದ ಕಾನ್ಫಿಗ್.ಎಚ್‌ನಲ್ಲಿ ಆ ಮ್ಯಾಕ್ರೋ ಇರಲೇ ಇಲ್ಲ. ಎರಡೂ ದಾರಿಯಿಂದ ಕಟ್ಟಿದ ಡಿಎಲ್ಎಲ್‌ಗಳಿಗೆ ಒಂದೇ ಹೆಸರು, ಒಂದೇ ಹೊರಪಟ್ಟಿ, ಎರಡರಲ್ಲಿಯೂ ಪರೀಕ್ಷೆಗಳು ಉತ್ತೀರ್ಣ, ಏಕೆಂದರೆ ಪರೀಕ್ಷೆಗಳೂ ಅದೇ ಕಾನ್ಫಿಗ್.ಎಚ್‌ನಿಂದ ಕಂಪೈಲ್ ಆಗಿದ್ದವು. ಒಂದರಿಂದ ಕಟ್ಟಿದ ಪ್ರೋಗ್ರಾಂ ಇನ್ನೊಂದರ ಡಿಎಲ್ಎಲ್ ಪಕ್ಕದಲ್ಲಿ ಓಡಿದಾಗ ಮಾತ್ರ ಸ್ಟ್ರಕ್ಟ್‌ನ ಮುಂದಿನ ಸದಸ್ಯಗಳೆಲ್ಲ ನಾಲ್ಕು ಬೈಟ್ ಅತ್ತಿತ್ತ ಸರಿದು, ತಪ್ಪು ವಿಳಾಸದಲ್ಲಿ ಬರೆಯುತ್ತಿದ್ದವು. ಕಾರಣ ಹುಡುಕಲು ನನಗೆ ಮೂರು ವಾರ ಬೇಕಾಯಿತು. ಅಂದಿನಿಂದ ಎರಡು ನಿಯಮಗಳನ್ನು ತಪ್ಪದೆ ಪಾಲಿಸುತ್ತಿದ್ದೇನೆ: ಸಾರ್ವಜನಿಕ ಹೆಡರ್ ಕಾನ್ಫಿಗ್.ಎಚ್‌ನ ಯಾವ ಮ್ಯಾಕ್ರೋವನ್ನೂ ನೋಡಬಾರದು, ಮತ್ತು ಒಂದೇ ಡಿಎಲ್ಎಲ್ ಹೆಸರನ್ನು ಎರಡು ಬಗೆಯ ಬಿಲ್ಡ್ ಕಡತಗಳು ಹಂಚಿಕೊಳ್ಳಬಾರದು.

ಎನ್‌ಮೇಕ್ ಇದಕ್ಕಿಂತ ಸರಳ. ವಿಷುಯಲ್ ಸ್ಟುಡಿಯೋದ ಯಾವ ಆವೃತ್ತಿಯ ಜೊತೆಗಾದರೂ ಬರುತ್ತದೆ, ಬೇರೇನನ್ನೂ ಅನುಸ್ಥಾಪಿಸಬೇಕಿಲ್ಲ, ಇಪ್ಪತ್ತು ವರ್ಷದ ಹಿಂದಿನ ಕಡತ ಇಂದಿಗೂ ಹೆಚ್ಚು ಕಡಿಮೆ ಹಾಗೆಯೇ ಓಡುತ್ತದೆ. ಎಸ್‌ಕ್ಯೂಲೈಟ್ ಇಂದಿಗೂ ಎನ್‌ಮೇಕ್‌ಗಾಗಿ ಒಂದು ಕಡತವನ್ನು ಕೊಡುತ್ತದೆ; ಓಪನ್‌ಎಸ್‌ಎಸ್‌ಎಲ್ ಪರ್ಲ್ ಭಾಷೆಯ ಕಾನ್ಫಿಗರ್ ಮೂಲಕ ಎನ್‌ಮೇಕ್ ಕಡತವನ್ನು ಹುಟ್ಟಿಸಿಕೊಳ್ಳುತ್ತದೆ. ಕೆಲಸಗಳನ್ನು ಏಕಕಾಲಕ್ಕೆ ಹಂಚಿ ಓಡಿಸಲು ಅದಕ್ಕೆ ಬರುವುದಿಲ್ಲ, ಕಂಪೈಲರ್‌ನ /ಎಂಪಿ ಸ್ವಿಚ್‌ನಿಂದ ಆ ಕೊರತೆಯನ್ನು ಸ್ವಲ್ಪ ನೀಗಿಸಬಹುದು. ಹೆಡರ್‌ಗಳ ಅವಲಂಬನೆಯನ್ನು ತಾನಾಗಿ ಪತ್ತೆ ಹಚ್ಚುವುದಿಲ್ಲ, ಆದ್ದರಿಂದ ಹೆಡರ್ ಬದಲಿಸಿದಾಗ ಎಲ್ಲವನ್ನೂ ಅಳಿಸಿ ಮತ್ತೆ ಕಟ್ಟುವ ಅಭ್ಯಾಸ ಬೇಕು. ಆಬ್ಜೆಕ್ಟ್ ಕಡತಗಳ ಪಟ್ಟಿ ಉದ್ದವಾದರೆ ಕಮಾಂಡ್ ಪ್ರಾಂಪ್ಟ್‌ನ 8191 ಅಕ್ಷರಗಳ ಮಿತಿ ಅಡ್ಡಬರುತ್ತದೆ. ಅಂಥಲ್ಲಿ ಪಟ್ಟಿಯನ್ನು ತಾತ್ಕಾಲಿಕ ಕಡತಕ್ಕೆ ಬರೆದು ಲಿಂಕರ್‌ಗೆ ಕೊಡುವ ವಿಧಾನ ಎನ್‌ಮೇಕ್‌ನಲ್ಲಿಯೇ ಇದೆ. ಇಪ್ಪತ್ತು ಮೂವತ್ತು ಸಿ ಕಡತಗಳ, ಐಚ್ಛಿಕ ಭಾಗಗಳು ಕಡಿಮೆಯಿರುವ ಲೈಬ್ರರಿಗೆ ಇದು ಇಂದಿಗೂ ಗೌರವದ ಆಯ್ಕೆಯೇ.

ಸಿಮೇಕ್‌ನ ಬಲ ಅದರ ಹರವಿನಲ್ಲಿದೆ. ಒಂದೇ ವಿವರಣೆಯಿಂದ ಬೇಕಾದ ಆವೃತ್ತಿಯ ವಿಷುಯಲ್ ಸ್ಟುಡಿಯೋ ಪ್ರಾಜೆಕ್ಟ್, ನಿಂಜಾ ಎಂಬ ಬಿಲ್ಡ್ ಸಾಧನದ ಕಡತ, ಎನ್‌ಮೇಕ್ ಕಡತ ಯಾವುದನ್ನಾದರೂ ಪಡೆಯಬಹುದು. ವಿಸಿಪಿಕೆಜಿ, ಕೋನನ್ ಮುಂತಾದ ಪ್ಯಾಕೇಜ್ ವ್ಯವಸ್ಥೆಗಳಿಗೆ ಅತ್ಯಂತ ಸಹಜವಾಗಿ ಹೊಂದುವುದೂ ಇದೇ. ನಿಮ್ಮ ಲೈಬ್ರರಿಯಲ್ಲಿ ಸಿಮೇಕ್ ಕಡತ ಇಲ್ಲದಿದ್ದರೆ ಅಲ್ಲಿಯ ಸ್ವಯಂಸೇವಕರು ಎಷ್ಟೋ ಸಲ ತಾವೇ ಒಂದನ್ನು ಬರೆದುಕೊಳ್ಳುತ್ತಾರೆ, ಮತ್ತು ಅದರಲ್ಲಿ ಡಿಎಲ್ಎಲ್‌ನ ಹೆಸರು ಏನಾಗುತ್ತದೆಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ಬಳಕೆದಾರರು ಬೇರೆಯವರ ಬಿಲ್ಡ್ ಕಡತದಿಂದ ನಿಮ್ಮ ಹೆಸರಿನ ಡಿಎಲ್ಎಲ್ ಕಟ್ಟುವುದನ್ನು ತಪ್ಪಿಸಲಿಕ್ಕಾದರೂ ಸಿಮೇಕ್ ಅನ್ನು ಅಧಿಕೃತವಾಗಿ ಕೊಡುವುದು ಒಳ್ಳೆಯದು. ಕಾನ್ಫಿಗ್.ಎಚ್ ಅನ್ನು ಅದು ಪರೀಕ್ಷಿಸಿ ತಾನೇ ತಯಾರಿಸುವುದರಿಂದ ಮೇಲೆ ಹೇಳಿದ ಬಗೆಯ ತಪ್ಪಿಗೆ ಅವಕಾಶ ಕಡಿಮೆ.

ಅದರಲ್ಲಿಯೂ ಎಚ್ಚರ ಬೇಕಾದ ಜಾಗಗಳಿವೆ. ಸಿಮೇಕ್ ಹುಟ್ಟಿಸಿದ ಪ್ರಾಜೆಕ್ಟ್ ಕಡತಗಳಲ್ಲಿ ನಿಮ್ಮ ಕಂಪ್ಯೂಟರಿನ ಪೂರ್ಣ ಮಾರ್ಗಗಳು ಬರೆದಿರುತ್ತವೆ. ಅವನ್ನು ಬಿಡುಗಡೆಯ ಕಟ್ಟಿನಲ್ಲಿ ಸೇರಿಸಿ ಕಳಿಸಿದರೆ ಬೇರೆಡೆ ಅವು ಉಪಯೋಗಕ್ಕೆ ಬಾರವು. ಸ್ಟಾಟಿಕ್ ಲೈಬ್ರರಿಗೂ ಡಿಎಲ್ಎಲ್‌ನ ಆಮದು ಲೈಬ್ರರಿಗೂ ವಿಂಡೋಸ್‌ನಲ್ಲಿ ಲಿಬ್ ಎಂಬ ಒಂದೇ ವಿಸ್ತರಣೆ ಇರುವುದರಿಂದ, ಎರಡನ್ನೂ ಒಂದೇ ಹೆಸರಿನಲ್ಲಿ ಒಂದೇ ಫೋಲ್ಡರಿಗೆ ಕಟ್ಟಿದರೆ ಒಂದು ಇನ್ನೊಂದನ್ನು ಅಳಿಸಿ ಕೂರುತ್ತದೆ. ಮೆಸನ್ ಇದನ್ನು ತಪ್ಪಿಸಲೆಂದೇ ಸ್ಟಾಟಿಕ್ ಲೈಬ್ರರಿಗೆ ವಿಂಡೋಸ್‌ನಲ್ಲಿಯೂ ಯುನಿಕ್ಸ್ ಶೈಲಿಯ ಹೆಸರಿಡುತ್ತದೆ. ಸಿಮೇಕ್‌ನಲ್ಲಿ ನೀವೇ ಬೇರೆ ಹೆಸರಿಡಬೇಕು.

ಮೆಸನ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿದೆ. ಭಾಷೆ ಚಿಕ್ಕದು, ಓದಲು ಸುಲಭ, ತಪ್ಪಾಗಿ ಬರೆಯುವುದು ಕಷ್ಟ. ಜಿಲಿಬ್‌ನ ಹೆಸರನ್ನೇ ಹೋಲುವ, ಲಿನಕ್ಸ್ ಡೆಸ್ಕ್‌ಟಾಪ್ ಆದ ನೋಮ್ ಯೋಜನೆಯ ಜಿ-ಲಿಬ್ (GLib) ತನ್ನ ಆಟೋಟೂಲ್ಸ್ (ಯುನಿಕ್ಸ್‌ನ ಹಳೆಯ ಬಿಲ್ಡ್ ಸಾಧನಗಳು) ಮತ್ತು ಕೈಬರಹದ ವಿಷುಯಲ್ ಸ್ಟುಡಿಯೋ ಕಡತಗಳ ಜಾಗದಲ್ಲಿ ಮೆಸನ್ ಅನ್ನು ತಂದಿತು, 2019ರ 2.60ನೇ ಆವೃತ್ತಿಯಲ್ಲಿ ಆಟೋಟೂಲ್ಸ್ ಇರಲಿಲ್ಲ. ಕನ್ನಡದ ಒತ್ತಕ್ಷರಗಳನ್ನು ಫಾಂಟ್‌ನ ನಿಯಮದಂತೆ ಜೋಡಿಸಿಕೊಡುವ ಹಾರ್ಫ್‌ಬಜ್ ಕೂಡ ಮೆಸನ್‌ನಿಂದಲೇ ಕಟ್ಟಲ್ಪಡುತ್ತದೆ. ಪೈಥಾನ್ ಬೇಕಾಗುವುದು ವಿಂಡೋಸ್‌ನ ಕೆಲವು ಬಳಕೆದಾರರಿಗೆ ಹೊರೆಯೆನಿಸಬಹುದು. ನಿಮ್ಮ ಲೈಬ್ರರಿಯ ಅವಲಂಬನೆಗಳು ಆಗಲೇ ಮೆಸನ್‌ನಲ್ಲಿದ್ದರೆ ಇದನ್ನೇ ಆರಿಸಿ.

ವಿಂಡೋಸ್‌ನಲ್ಲಿ ಯುನಿಕ್ಸ್ ಪರಿಸರ ಕೊಡುವ ಎಂಸಿಸ್2 ಮೇಲೆ ಆಟೋಟೂಲ್ಸ್ ಓಡಿಸಿ ಮಿನ್‌ಜಿಡಬ್ಲ್ಯೂ ಡಿಎಲ್ಎಲ್ ಕಟ್ಟುವುದು ಮತ್ತೊಂದು ದಾರಿ. ಲಿನಕ್ಸ್‌ನವರಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ. ಮೈಕ್ರೋಸಾಫ್ಟ್ ಕಂಪೈಲರ್ ಬಳಸುವವರು ಮಾತ್ರ ನಿಮ್ಮಿಂದ ದೂರವೇ ಉಳಿಯುತ್ತಾರೆ.

ಆರನೆಯದೊಂದು ಆಯ್ಕೆಯಿದೆ, ಅದನ್ನು ಜನ ಆಯ್ಕೆಯೆಂದೇ ಎಣಿಸುವುದಿಲ್ಲ. ಇಡೀ ಲೈಬ್ರರಿಯನ್ನು ಒಂದೇ ಕಡತವಾಗಿ ಕಂಪೈಲ್ ಆಗುವಂತೆ ಇಡುವುದು. ಎಸ್‌ಕ್ಯೂಲೈಟ್‌ನ ಒಟ್ಟುಗೂಡಿಸಿದ ಮೂಲಕಡತ ಇದಕ್ಕೆ ಹೆಸರಾದದ್ದು. ಹಾರ್ಫ್‌ಬಜ್‌ನಲ್ಲಿಯೂ ಉಳಿದೆಲ್ಲ ಕಡತಗಳನ್ನು ಒಳಗೆ ಸೇರಿಸಿಕೊಳ್ಳುವ ಒಂದು ಕಡತವಿದ್ದು, ಅದೊಂದನ್ನು ಕಂಪೈಲರ್‌ಗೆ ಕೊಟ್ಟರೆ ಸಾಕು. ಹೀಗಿಟ್ಟರೆ ಡಿಎಲ್ಎಲ್ ಬೇಡವಾದವರಿಗೆ ನಿಮ್ಮ ಬಿಲ್ಡ್ ಕಡತದ ಅಗತ್ಯವೇ ಬೀಳುವುದಿಲ್ಲ. ಮೂಲಸಂಕೇತದ ಹಂಚಿಕೆ ಮಾತ್ರ ನಿಮ್ಮ ಗುರಿಯಾಗಿದ್ದರೆ, ಬೇರೆ ಯಾವ ಸಾಧನಕ್ಕಿಂತಲೂ ಮೊದಲು ಇದನ್ನೇ ಪ್ರಯತ್ನಿಸಬೇಕೆಂದು ನನಗನಿಸುತ್ತದೆ.

ರನ್‌ಟೈಮ್‌ನ ಗಡಿ

ವಿಂಡೋಸ್‌ನಲ್ಲಿ ಸಿ ರನ್‌ಟೈಮ್ ಎಂಬುದು ಒಂದೇ ಅಲ್ಲ. 2015ಕ್ಕಿಂತ ಮೊದಲು ವಿಷುಯಲ್ ಸ್ಟುಡಿಯೋದ ಪ್ರತಿ ಆವೃತ್ತಿಗೂ ತನ್ನದೇ ಆದ ಎಂಎಸ್‌ವಿಸಿಆರ್ ಡಿಎಲ್ಎಲ್ ಇತ್ತು: 90, 100, 110, 120 ಎಂದು. 2015ರಲ್ಲಿ ಯುಸಿಆರ್‌ಟಿ ಎಂಬ ಸಾಮಾನ್ಯ ರನ್‌ಟೈಮ್ ಬಂದು ವಿಂಡೋಸ್ 10ರ ಭಾಗವಾಯಿತು. ಅಲ್ಲಿಂದೀಚಿನ 2017, 2019, 2022ರ ಕಂಪೈಲರ್‌ಗಳು ಪರಸ್ಪರ ಬೈನರಿ ಹೊಂದಾಣಿಕೆಯನ್ನು ಉಳಿಸಿಕೊಂಡಿವೆ. ಆದರೆ ಈ ಹೊಂದಾಣಿಕೆ ಒಂದೇ ದಿಕ್ಕಿನದು. ಲಿಂಕ್ ಮಾಡುವ ಸಾಧನ ಮತ್ತು ಬಳಕೆದಾರರ ಕಂಪ್ಯೂಟರಿನಲ್ಲಿರುವ ಮರುವಿತರಣೆಯ ಕಟ್ಟು ಎರಡೂ, ಸೇರಿರುವ ಭಾಗಗಳಲ್ಲಿ ಅತಿ ಹೊಸದಕ್ಕೆ ಸಮನಾಗಿರಬೇಕು ಅಥವಾ ಅದಕ್ಕಿಂತ ಹೊಸದಾಗಿರಬೇಕು. 2022ರ ಆವೃತ್ತಿಯ 17.10ರಲ್ಲಿ ಸಿ++ನ ಮ್ಯೂಟೆಕ್ಸ್ (ಏಕಕಾಲದ ಕೆಲಸಗಳ ನಡುವಿನ ಬೀಗ) ರಚನೆಯಾಗುವ ರೀತಿ ಬದಲಾದಾಗ, ಅದರಲ್ಲಿ ಕಟ್ಟಿದ, ಮ್ಯೂಟೆಕ್ಸ್ ಬಳಸುವ ಪ್ರೋಗ್ರಾಂಗಳು ಸಿ++ ರನ್‌ಟೈಮ್‌ನ ಹಳೆಯ ಎಂಎಸ್‌ವಿಸಿಪಿ140 ಸಿಕ್ಕಿದ ಕಡೆ ಕುಸಿದವು. ಇಡೀ ಪ್ರೋಗ್ರಾಮನ್ನು ಒಟ್ಟಾಗಿ ಚುರುಕುಗೊಳಿಸುವ /ಜಿಎಲ್ ಸ್ವಿಚ್‌ನಿಂದ ಕಂಪೈಲ್ ಆದ ಆಬ್ಜೆಕ್ಟ್‌ಗಳಿಗೆ ಈ ಹೊಂದಾಣಿಕೆಯ ಭರವಸೆಯೇ ಇಲ್ಲ. ಹಂಚುವ ಸ್ಟಾಟಿಕ್ ಲೈಬ್ರರಿಯಲ್ಲಿ ಆ ಸ್ವಿಚ್ ಇರಲೇಬಾರದು.

ಡಿಎಲ್ಎಲ್ ಅನ್ನು /ಎಂಡಿಯಿಂದ ಕಟ್ಟಬೇಕೇ /ಎಂಟಿಯಿಂದ ಕಟ್ಟಬೇಕೇ ಎಂದು ಅನೇಕರು ಕೇಳುತ್ತಾರೆ. ಮೊದಲನೆಯದು ರನ್‌ಟೈಮ್ ಅನ್ನು ಹೊರಗಿನ ಡಿಎಲ್ಎಲ್‌ನಿಂದ ಪಡೆಯುತ್ತದೆ, ಎರಡನೆಯದು ಅದರ ಒಂದು ಪ್ರತಿಯನ್ನು ನಿಮ್ಮ ಡಿಎಲ್ಎಲ್ ಒಳಗೇ ಇಟ್ಟುಕೊಳ್ಳುತ್ತದೆ. /ಎಂಟಿಯಿಂದ ಅನುಸ್ಥಾಪನೆ ಸರಳವಾಗುತ್ತದೆ, ಆದರೆ ರನ್‌ಟೈಮ್‌ನ ಭದ್ರತಾ ತಿದ್ದುಪಡಿ ಬಂದಾಗ ನೀವೇ ಮತ್ತೆ ಕಟ್ಟಿ ಹಂಚಬೇಕು. ಸಾಮಾನ್ಯ ಬಳಕೆಗೆ /ಎಂಡಿಯೇ ಇರಲಿ. ಸಿಮೇಕ್‌ನಲ್ಲಿ 3.15ರಿಂದ ಇದಕ್ಕೊಂದು ಸ್ಪಷ್ಟವಾದ ಗುಣಲಕ್ಷಣವಿದೆ, ಮೆಸನ್‌ನಲ್ಲಿಯೂ ಒಂದು ಆಯ್ಕೆಯಿದೆ. ಕೈಬರಹದ ಪ್ರಾಜೆಕ್ಟ್ ಕಡತದಲ್ಲಿ ಹನ್ನೆರಡು ಸಂಯೋಜನೆಗಳಲ್ಲಿ ಒಂದರಲ್ಲಿ ಅದು ತಪ್ಪಿಹೋಗಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಯಾವುದನ್ನು ಆರಿಸಿದರೂ, ರನ್‌ಟೈಮ್‌ಗೆ ಸೇರಿದ ವಸ್ತುಗಳು ನಿಮ್ಮ ಸಾರ್ವಜನಿಕ ಫಂಕ್ಷನ್‌ಗಳಲ್ಲಿ ದಾಟದಂತೆ ನೋಡಿಕೊಂಡರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ. ನಿಮ್ಮ ಡಿಎಲ್ಎಲ್ ಮ್ಯಾಲಾಕ್ ಫಂಕ್ಷನ್‌ನಿಂದ ಪಡೆದ ಸ್ಮೃತಿಯನ್ನು ಬಳಕೆದಾರರ ಪ್ರೋಗ್ರಾಂ ತನ್ನ ಫ್ರೀಯಿಂದ ಬಿಡುಗಡೆ ಮಾಡಿದರೆ, ಎರಡಕ್ಕೂ ಬೇರೆ ರನ್‌ಟೈಮ್ ಇದ್ದಾಗ ಹೀಪ್ (ಓಡುವಾಗ ಸ್ಮೃತಿ ಪಡೆಯುವ ಜಾಗ) ಕೆಡುತ್ತದೆ. ಆದ್ದರಿಂದ ಬಿಡುಗಡೆಯ ಫಂಕ್ಷನ್ ಅನ್ನೂ ನೀವೇ ಕೊಡಬೇಕು. ತೆರೆದ ಕಡತವನ್ನು ಸೂಚಿಸುವ ಫೈಲ್ ಪಾಯಿಂಟರ್‌ನ ಕಥೆಯೂ ಇದೇ. ಓಪನ್‌ಎಸ್‌ಎಸ್‌ಎಲ್‌ನ ಕೆಲವು ಫಂಕ್ಷನ್‌ಗಳು ಫೈಲ್ ಪಾಯಿಂಟರ್ ಅನ್ನು ಸ್ವೀಕರಿಸುವುದರಿಂದ, ಆಪ್‌ಲಿಂಕ್ ಎಂಬ ಒಂದು ಸಣ್ಣ ಸಿ ಕಡತವನ್ನು ಬಳಕೆದಾರರು ತಮ್ಮ ಪ್ರೋಗ್ರಾಮಿನಲ್ಲಿ ಸೇರಿಸಿಕೊಳ್ಳುವ ವ್ಯವಸ್ಥೆ ಮಾಡಬೇಕಾಯಿತು. ಅದರ ಬದಲು ಕಡತದ ಹೆಸರನ್ನೋ, ಓದುವ ಬರೆಯುವ ಕಾಲ್‌ಬ್ಯಾಕ್‌ಗಳನ್ನೋ ಪಡೆಯುವ ಫಂಕ್ಷನ್‌ಗಳನ್ನು ಆರಂಭದಿಂದಲೇ ಕೊಡುವುದು ಮೇಲು.

ಮೂಲಭೂತ ವಿಧಗಳಲ್ಲಿಯೂ ವಿಂಡೋಸ್ ಬೇರೆಯದೇ ಲೆಕ್ಕ ಹಾಕುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ ಲಾಂಗ್ ನಾಲ್ಕೇ ಬೈಟ್, ಲಿನಕ್ಸ್‌ನಲ್ಲಿ ಎಂಟು. ಕಾಲವನ್ನು ಹಿಡಿದಿಡುವ ಟೈಮ್_ಟಿ 2005ರ ಕಂಪೈಲರ್‌ನಿಂದ 32 ಬಿಟ್‌ನಲ್ಲಿಯೂ ಪೂರ್ವನಿಯೋಜಿತವಾಗಿ 64 ಬಿಟ್‌ನದಾಯಿತು, ಹಳೆಯದನ್ನು ಮರಳಿ ತರುವ ಮ್ಯಾಕ್ರೋ ಕೂಡ ಇದೆ. ಲಾಂಗ್ ಡಬಲ್ ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಎಂಟು ಬೈಟ್, 64 ಬಿಟ್ ಮಿನ್‌ಜಿಡಬ್ಲ್ಯೂನಲ್ಲಿ ಹದಿನಾರು. ಸಾರ್ವಜನಿಕ ಸ್ಟ್ರಕ್ಟ್‌ನಲ್ಲಿ ಈ ಮೂರಕ್ಕೂ ಜಾಗವಿಲ್ಲ. ಸಾಧ್ಯವಾದರೆ ಸ್ಟ್ರಕ್ಟ್‌ನ ಒಳರಚನೆಯನ್ನೇ ಹೆಡರ್‌ನಿಂದ ಮರೆಮಾಡಿ ಪಾಯಿಂಟರ್ ಮಾತ್ರ ಕೊಡಿ. ತೋರಿಸಲೇಬೇಕಾದರೆ, ವಿಂಡೋಸ್‌ನದೇ ಫಂಕ್ಷನ್‌ಗಳು ಮಾಡುವಂತೆ ಮೊದಲ ಸದಸ್ಯದಲ್ಲಿ ಸ್ಟ್ರಕ್ಟ್‌ನ ಗಾತ್ರವನ್ನು ಬಳಕೆದಾರರೇ ತುಂಬುವಂತೆ ಮಾಡಿ. ಮುಂದೆ ಕೊನೆಗೆ ಹೊಸ ಸದಸ್ಯ ಸೇರಿದಾಗ ಹಳೆಯ ಪ್ರೋಗ್ರಾಂ ಯಾವುದೆಂದು ಆ ಗಾತ್ರದಿಂದಲೇ ತಿಳಿಯುತ್ತದೆ.

ಸಿ++ ಕ್ಲಾಸ್‌ಗಳನ್ನು ಡಿಎಲ್ಎಲ್‌ನಿಂದ ನೇರವಾಗಿ ತೋರಿಸುವ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೈಕ್ರೋಸಾಫ್ಟ್ ಮತ್ತು ಮಿನ್‌ಜಿಡಬ್ಲ್ಯೂ ಕಂಪೈಲರ್‌ಗಳ ಸಿ++ ಹೆಸರುಗಳೂ ರಚನೆಗಳೂ ಒಂದಕ್ಕೊಂದು ಹೊಂದುವುದಿಲ್ಲ. ವಿಂಡೋಸ್ 10 ತನ್ನ 1703ನೇ ಆವೃತ್ತಿಯಲ್ಲಿ ಐಸಿಯುವನ್ನು ವ್ಯವಸ್ಥೆಯ ಭಾಗವಾಗಿ ತಂದಾಗ ಅದರ ಸಿ ಫಂಕ್ಷನ್‌ಗಳನ್ನು ಮಾತ್ರ ಹೊರಗೆ ಕೊಟ್ಟಿತು, ಸಿ++ ಭಾಗವನ್ನು ಕೊಡಲಿಲ್ಲ. ಒಳಗೆ ಸಿ++, ಹೊರಗೆ ಸಿ ಎಂಬ ಹಾರ್ಫ್‌ಬಜ್‌ನ ವಿನ್ಯಾಸ ಅನುಸರಿಸಲು ಯೋಗ್ಯವಾದದ್ದು.

ಹಳೆಯದನ್ನು ತೆಗೆಯುವ ಬಗೆ

ಮೇಲಿನದನ್ನೆಲ್ಲ ತೂಗಿ ನೋಡಿ, ಸಿದ್ಧ ಡಿಎಲ್ಎಲ್ ಹಂಚುವ ಮಧ್ಯಮ ಗಾತ್ರದ ಸಿ ಲೈಬ್ರರಿಗೆ ನಾನು ಸೂಚಿಸುವುದು ಸಿಮೇಕ್ ಮತ್ತು ಕೈಬರಹದ ಡೆಫ್ ಕಡತದ ಜೋಡಿಯನ್ನು. ಆದರೆ ಹಳೆಯ ಪ್ರಾಜೆಕ್ಟ್ ಕಡತಗಳನ್ನು ಒಂದೇ ದಿನ ಅಳಿಸಬೇಡಿ. ಮೊದಲು ಹೊಸ ಸಾಧನದಿಂದ ಕಟ್ಟಿದ ಡಿಎಲ್ಎಲ್‌ನ ಹೊರಪಟ್ಟಿಯನ್ನು ಡಂಪ್‌ಬಿನ್ ಸಾಧನದಿಂದ ತೆಗೆದು, ಹಿಂದಿನ ಬಿಡುಗಡೆಯ ಪಟ್ಟಿಯ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿ. ಹೊಸ ಸಾಲುಗಳು ಸೇರಬಹುದು, ಹಳೆಯ ಒಂದು ಸಾಲೂ ಕಾಣೆಯಾಗಬಾರದು. ಅವಲಂಬಿಸಿರುವ ಡಿಎಲ್ಎಲ್‌ಗಳ ಪಟ್ಟಿಯನ್ನೂ ಅದರಿಂದಲೇ ತೆಗೆದು, ರನ್‌ಟೈಮ್ ಬದಲಾಗಿದೆಯೇ ಎಂದು ನೋಡಿ. ಪಟ್ಟಿಗಳು ಹೊಂದಿದರೂ ಸ್ಟ್ರಕ್ಟ್‌ಗಳ ಗಾತ್ರ ಹೊಂದಿದೆಯೆಂದು ಅರ್ಥವಲ್ಲ, ಅದಕ್ಕೆ ಇನ್ನೊಂದು ಪರೀಕ್ಷೆ ಬೇಕು. ಪ್ರತಿ ಬಿಡುಗಡೆಯಲ್ಲಿಯೂ ನಿಮ್ಮ ಪರೀಕ್ಷಾ ಪ್ರೋಗ್ರಾಂಗಳ ಇಎಕ್ಸ್ಇ ಕಡತಗಳನ್ನು, ಆಯಾ ಬಿಡುಗಡೆಯ ಹೆಡರ್‌ಗಳಿಂದ ಕಂಪೈಲ್ ಆದ ರೂಪದಲ್ಲಿಯೇ, 32 ಬಿಟ್ ಮತ್ತು 64 ಬಿಟ್ ಎರಡರಲ್ಲಿಯೂ ಎತ್ತಿಡಿ. ಮುಂದಿನ ಬಿಡುಗಡೆಗೆ ಮುನ್ನ ಅವುಗಳ ಪಕ್ಕದಲ್ಲಿ ಹೊಸ ಡಿಎಲ್ಎಲ್ ಅನ್ನು ಮಾತ್ರ ಇಟ್ಟು, ಯಾವುದನ್ನೂ ಮತ್ತೆ ಕಂಪೈಲ್ ಮಾಡದೆ ಓಡಿಸಿ. ನನ್ನ ಲೈಬ್ರರಿಯಲ್ಲಿ ನಾಲ್ಕು ಬೈಟ್ ಸರಿದಿದ್ದನ್ನು ಈ ಪರೀಕ್ಷೆ ಮೊದಲ ಓಟದಲ್ಲಿಯೇ ಹಿಡಿದುಕೊಡುತ್ತಿತ್ತು.